ವಿದೇಶೀ ವಿದ್ಯಾರ್ಥಿಗಳ ಶಿಕ್ಷಣ ಮಹಾಪ್ರಬಂಧಗಳು: ಸಂಶೋಧನೆಯ ಒಲವುಗಳ ಒಂದು ಚರಿತ್ರೆ

1. ವಿಷಯದ ಎಲ್ಲೆ

ಒಂದು ನಾಡಿನ ವಿದ್ಯಾರ್ಥಿಯು ಸಮುದ್ರವನ್ನು ದಾಟಿ ಮತ್ತೊಂದು ನಾಡಿನ ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿನ ಭಾಷೆಯಲ್ಲಿ, ಅಲ್ಲಿನ ಗುರುಗಳ ಮಾರ್ಗದರ್ಶನದಲ್ಲಿ, ತನ್ನ ನಾಡಿನ ಶಾಲೆಗಳನ್ನು ಕುರಿತು ಮಹಾಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯೊಡನೆ ಮರಳುವುದು ಇಂದು ನಮಗೆ ವಿಶೇಷವೆನಿಸುವುದಿಲ್ಲ. ಆದರೆ ವಿಚಾರಮಾಡಿ ನೋಡಿದರೆ ಇದೊಂದು ವಿಚಿತ್ರವಾದ ಏರ್ಪಾಡೆಂದು ತೋರದಿರದು. ಪ್ರಶ್ನೆ ಹುಟ್ಟಿದ್ದು ಒಂದು ದೇಶದಲ್ಲಿ. ಉತ್ತರ ಸರಿಯೆಂದು ಒಪ್ಪಬೇಕಾದ ಪರೀಕ್ಷಕರು ಮತ್ತೊಂದು ದೇಶದವರು. ಗ್ರಂಥ ಯಾರ ಮಕ್ಕಳನ್ನು ಕುರಿತದ್ದೋ ಆ ಮಕ್ಕಳ ತಂದೆತಾಯಿಗಳಿಗೆ ಅದರ ಭಾಷೆ ತಿಳಿಯದು. ಅದರ ಪ್ರತಿ ಉಳಿಯುವುದು ಅವರೆಂದೂ ಕಾಣದ ಗ್ರಂಥಭಂಡಾರದಲ್ಲಿ.

ಈ ಲೇಖನದಲ್ಲಿ ನಾವು ಇಂಥ ಮಹಾಪ್ರಬಂಧಗಳ ವಸ್ತು ಮತ್ತು ವಿಧಾನಗಳು ಹತ್ತೊಂಬತ್ತನೆಯ ಶತಮಾನದ ಕಡೆಯಿಂದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಹೇಗೆ ಬದಲಾದುವೆಂಬುದನ್ನು ಪರಿಶೀಲಿಸಲು ಯತ್ನಿಸುತ್ತೇವೆ. ಎಲ್ಲ ದೇಶಗಳ ಎಲ್ಲ ವಿಶ್ವವಿದ್ಯಾನಿಲಯಗಳನ್ನೂ ಒಳಗೊಳ್ಳುವುದು ಒಂದು ಲೇಖನದಲ್ಲಿ ಸಾಧ್ಯವಿಲ್ಲ. ಆದುದರಿಂದ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಏಷ್ಯ, ಆಫ್ರಿಕ ಖಂಡಗಳ ಶಿಕ್ಷಣಾಭ್ಯಾಸಿಗಳನ್ನು ಆಕರ್ಷಿಸಿದ ಸಂಸ್ಥೆಗಳಲ್ಲಿ ಅದು ಮುಂಚೂಣಿಯಲ್ಲಿತ್ತು. ಕರ್ಣಾಟಕದ ಸಂಬಂಧ ನಿಜವಾಗಿ ಬರುವೆಡೆಯಲ್ಲಿ ಮಾತ್ರ ಅದನ್ನು ಪ್ರಸ್ತಾಪಿಸುತ್ತೇವೆ.

ಈ ಕ್ಷೇತ್ರದಲ್ಲಿ ಕೆಲಸಮಾಡುವವರಿಗೆ ಮೂವರು ಸಂಗ್ರಾಹಕರ ಉಪಕಾರ ದೊಡ್ಡದು. ವಾಲ್ಟರ್ ಕ್ರಾಸ್ಬಿ ಈಲ್ಸ್ ಅವರು ಪರದೇಶಗಳ ಶಿಕ್ಷಣವನ್ನು ಕುರಿತು ಅಮೆರಿಕದಲ್ಲಿ 1884ರಿಂದ 1958ರವರೆಗೆ ಬರೆಯಲ್ಪಟ್ಟ ಪ್ರಬಂಧಗಳ ಪಟ್ಟಿಯನ್ನು 1959ರಲ್ಲಿ ಪ್ರಕಟಿಸಿದರು. ಯುವಾನ್ ತುಂಗ್‌ಲಿ ಅವರು 1905ರಿಂದ 1960ರವರೆಗೆ ಅಮೆರಿಕದಲ್ಲಿ ಚೀನೀ ವಿದ್ಯಾರ್ಥಿಗಳು ಬರೆದ ಡಾಕ್ಟರೇಟ್ ಪ್ರಬಂಧಗಳ ಸೂಚಿಯನ್ನು 1961ರಲ್ಲಿ ಹೊರತಂದರು. 1971ರಿಂದ ಫ್ರಾಂಕ್ಲಿನ್ ಪಾರ್ಕರ್ ಅವರು ದೇಶಕ್ಕೊಂದರಂತೆ ಸೂಚೀಸಂಪುಟಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಎರಡನೆಯದು ಭಾರತಕ್ಕೆ ಮೀಸಲಾಗಿದೆ. ಆದರೆ ಒಂದು ಎಚ್ಚರಿಕೆ ಇಲ್ಲಿಯೇ ಅವಶ್ಯ. ಸೂಚಿಗಳು ಶೀರ್ಷಿಕೆಗಳನ್ನು ಕೊಡುತ್ತವೆ. ಶೀರ್ಷಿಕೆಗಳನ್ನು ಎಣಿಸಿ ಒಲವನ್ನು ನಿರ್ಣಯಿಸುವುದು ಸುಲಭ. ಗ್ರಾಮಶಿಕ್ಷಣವೆಂಬ ಒಂದೇ ಹೆಸರಿನಡಿ ಎರಡು ಪ್ರಬಂಧಗಳು ಪರಸ್ಪರ ವಿರುದ್ಧವಾದ ಮಾತುಗಳನ್ನು ಆಡಬಹುದು. ಆದುದರಿಂದ ಎಣಿಕೆಯನ್ನು ಬಿಟ್ಟು, ಕೆಲವು ಪ್ರಬಂಧಗಳನ್ನೂ ಅವುಗಳ ಕರ್ತೃಗಳ ಮುಂದಿನ ಜೀವನವನ್ನೂ ಒಟ್ಟಿಗೆ ನೋಡುವ ಮಾರ್ಗವನ್ನು ನಾವು ಹಿಡಿದಿದ್ದೇವೆ.

2. ಅಮೆರಿಕನ್ನರೇ ವಿದೇಶೀ ವಿದ್ಯಾರ್ಥಿಗಳಾಗಿದ್ದ ಕಾಲ

ಅಮೆರಿಕವು ಜಗತ್ತಿಗೆ ಶಿಕ್ಷಣಶಾಸ್ತ್ರವನ್ನು ಹೇಳಿಕೊಡುವ ಮೊದಲು ತಾನೇ ಅದನ್ನು ಕಲಿಯಲು ಹೊರಗೆ ಹೋಗಿತ್ತೆಂಬುದನ್ನು ಅನೇಕರು ಮರೆಯುತ್ತಾರೆ. 1880ರ ದಶಕದಲ್ಲಿ ಅಧ್ಯಾಪನವನ್ನು ಶಾಸ್ತ್ರವಾಗಿ ಅಭ್ಯಾಸಮಾಡಬಯಸಿದ ಅಮೆರಿಕನ್ ತರುಣರು ಜರ್ಮನಿಗೆ ಹೋಗುತ್ತಿದ್ದರು. ಚಾರ್ಲ್ಸ್ ಡಿ ಗಾರ್ಮೊ 1886ರಲ್ಲಿ ಹಾಲೆಯಲ್ಲಿ, ಚಾರ್ಲ್ಸ್ ಮಕ್‌ಮರಿ 1887ರಲ್ಲಿ ಅಲ್ಲಿಯೇ, ಅವರ ತಮ್ಮ ಫ್ರಾಂಕ್ ಮಕ್‌ಮರಿ 1889ರಲ್ಲಿ ಯೇನಾದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಇವರು ಹೊತ್ತು ತಂದುದು ಹರ್ಬಾರ್ಟನ ಶಿಕ್ಷಣತತ್ತ್ವವನ್ನು, ಎಂದರೆ ಅವನ ಅನುಯಾಯಿಗಳಾದ ತ್ಸಿಲ್ಲರ್ ಮತ್ತು ರೈನ್ ಅವರು ವ್ಯವಸ್ಥೆಗೊಳಿಸಿದ ಪಾಠಕ್ರಮವನ್ನು. ನಮ್ಮ ಅಧ್ಯಾಪಕ ಶಿಕ್ಷಣ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಪಾಠಟಿಪ್ಪಣಿಯ ಹಾಳೆಯಲ್ಲಿ ತುಂಬಿದ ಪಂಚಸೋಪಾನಗಳು ಈ ಸಂಪ್ರದಾಯದ ಸಂತಾನವೇ.

ಟೀಚರ್ಸ್ ಕಾಲೇಜನ್ನು ದೊಡ್ಡ ಸಂಸ್ಥೆಯಾಗಿ ಬೆಳೆಸಿದ ಡೀನ್ ಜೇಮ್ಸ್ ಅರ್ಲ್ ರಸೆಲ್ ಅವರೂ 1894ರಲ್ಲಿ ಲೈಪ್‌ಜಿಗ್‌ನಿಂದ ಪದವಿ ಪಡೆದವರು. 1899ರಲ್ಲಿ ಅವರು ಪ್ರಕಟಿಸಿದ ಗ್ರಂಥ ಜರ್ಮನಿಯ ಪ್ರೌಢಶಾಲೆಗಳನ್ನು ಕುರಿತದ್ದು. ರುಮೇನಿಯದಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೆಳೆದು, ನ್ಯೂಯಾರ್ಕಿಗೆ ವಿದ್ಯಾರ್ಥಿಯಾಗಿ ಬಂದ ಐಸಾಕ್ ಕ್ಯಾಂಡಲ್ ಅವರು 1910ರಲ್ಲಿ ಬರೆದ ಮಹಾಪ್ರಬಂಧದ ವಸ್ತುವೂ ಜರ್ಮನಿಯಲ್ಲಿ ಪ್ರಾಥಮಿಕ ಶಾಲಾ ಉಪಾಧ್ಯಾಯರ ತರಬೇತಿಯೇ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಈ ವಿದ್ವಾಂಸರ ಕುತೂಹಲವೆಲ್ಲ ಆತಿಥೇಯ ದೇಶದ ಕಡೆಗೆ, ಅನುಕರಣೀಯವೆಂದು ಆಗ ಭಾವಿಸಲ್ಪಟ್ಟ ದೇಶದ ಕಡೆಗೆ ತಿರುಗಿತ್ತು. ಮುಂದೆ ಏಷ್ಯ ಆಫ್ರಿಕಗಳಿಂದ ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದಾಗ ಈ ದಿಕ್ಕು ಬದಲಾಯಿತು. ಅವರಲ್ಲಿ ಬಹುಮಂದಿ ಬರೆದುದು ಆತಿಥೇಯರ ಶಾಲೆಗಳ ಮೇಲಲ್ಲ, ತಮ್ಮ ಶಾಲೆಗಳ ಮೇಲೆ.

ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಮರಳಿದ ಮೇಲೆ ಉಪಯೋಗಕ್ಕೆ ಬರಬೇಕೆಂಬ ಹಂಬಲ ಒಂದು. ತನ್ನ ದೇಶದ ವಿಷಯದಲ್ಲಿ ಮಾತ್ರವೇ ಗುರುವಿಗಿಂತ ಹೆಚ್ಚು ಬಲ್ಲೆನೆಂಬ ಧೈರ್ಯ ಇನ್ನೊಂದು. ಮೂರನೆಯದು ಅಷ್ಟು ಗೌರವದ್ದಲ್ಲ: ಅಮೆರಿಕದ ಶಾಲೆಯನ್ನು ವಿಮರ್ಶಿಸುವ ಅಧಿಕಾರ ಹೊರಗಿನವನಿಗೆ ಉಂಟೆಂದು ಯಾರೂ ಭಾವಿಸಿರಲಿಲ್ಲ, ಅವನಿಂದ ನಿರೀಕ್ಷಿಸುತ್ತಿದ್ದುದು ಅವನ ನಾಡಿನ ಸಮಾಚಾರ. ಜರ್ಮನಿಯ ಅಮೆರಿಕನ್ ವಿದ್ಯಾರ್ಥಿ ಕಲಿಯಲು ಹೋದವನು. ಅಮೆರಿಕದ ಚೀನೀ ವಿದ್ಯಾರ್ಥಿ ಕಲಿಯುವುದರ ಜೊತೆಗೆ ಸಾಮಗ್ರಿಯನ್ನೂ ಒದಗಿಸಬೇಕಾಗಿತ್ತು.

3. ವ್ಯವಸ್ಥೆಯ ವರ್ಣನೆ: ಚೀನೀ ವಿದ್ಯಾರ್ಥಿಗಳು

1905ರಲ್ಲಿ ಚೀನದ ಚಕ್ರವರ್ತಿಗಳ ಸರ್ಕಾರವು ಸಾವಿರಕ್ಕೂ ಹೆಚ್ಚು ವರ್ಷಗಳ ಇತಿಹಾಸವುಳ್ಳ ರಾಜಕೀಯ ಪರೀಕ್ಷಾಪದ್ಧತಿಯನ್ನು ರದ್ದುಮಾಡಿತು. ಬಾಕ್ಸರ್ ದಂಗೆಯ ಪರಿಹಾರಧನದ ಒಂದು ಭಾಗವನ್ನು ಅಮೆರಿಕವು ಹಿಂದಿರುಗಿಸಲು ಒಪ್ಪಿದುದರಿಂದ, 1909ರಿಂದ ಆ ಹಣದಲ್ಲಿ ಚೀನೀ ವಿದ್ಯಾರ್ಥಿಗಳು ಅಮೆರಿಕಕ್ಕೆ ಹೋಗತೊಡಗಿದರು. ಹಳೆಯ ಕಟ್ಟಡ ಬಿದ್ದಿತ್ತು, ಹೊಸದು ಎದ್ದಿರಲಿಲ್ಲ. ಹೊಸದರ ನಕ್ಷೆಯನ್ನು ಹುಡುಕಿಕೊಂಡು ಹೋದವರ ಪ್ರಬಂಧಗಳು ನಕ್ಷೆಗಳಂತೆಯೇ ಇದ್ದುದು ಸಹಜ.

ಕುವೊ ಪಿಂಗ್‌ವೆನ್ ಅವರು 1914ರಲ್ಲಿ ಟೀಚರ್ಸ್ ಕಾಲೇಜಿನಲ್ಲಿ ಪದವಿ ಪಡೆದರು. ಚೀನದ ಸಾರ್ವಜನಿಕ ಶಿಕ್ಷಣವ್ಯವಸ್ಥೆಯನ್ನು ಕುರಿತ ಅವರ ಮಹಾಪ್ರಬಂಧ 1915ರಲ್ಲಿ ಆ ಕಾಲೇಜಿನ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಪ್ರಾಚೀನ ಕಾಲದ ಶಾಲೆಗಳಿಂದ ಹಿಡಿದು, ಒಂದೊಂದು ರಾಜವಂಶದ ಕಾಲವನ್ನೂ ದಾಟಿ, ಗಣರಾಜ್ಯದ ಹೊಸ ಏರ್ಪಾಡಿನವರೆಗೆ ಬಂದು, ಕಡೆಗೆ ರಾಷ್ಟ್ರದ ಎದುರಿಗಿರುವ ಸಮಸ್ಯೆಗಳನ್ನು ಅದು ಪಟ್ಟಿಮಾಡುತ್ತದೆ. ಮುಂದಿನ ಎರಡು ದಶಕಗಳಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳು ಅನುಸರಿಸಿದ ಮಾದರಿ ಇದೇ: ಮೊದಲು ಚರಿತ್ರೆ, ಆಮೇಲೆ ಆಡಳಿತ, ಕಡೆಗೆ ಸಲಹೆ. ಕುವೊ ಅವರು ಸ್ವದೇಶಕ್ಕೆ ಮರಳಿ, 1921ರಿಂದ 1925ರವರೆಗೆ ನಾನ್‌ಕಿಂಗಿನ ರಾಷ್ಟ್ರೀಯ ಆಗ್ನೇಯ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದರು. ಅವರ ಹಿಂದೆಯೇ 1917ರಲ್ಲಿ ಕೊಲಂಬಿಯದ ಪದವಿ ಪಡೆದ ಚಿಯಾಂಗ್ ಮೊನ್‌ಲಿನ್ ಅವರು ಚೀನೀ ಶಿಕ್ಷಣದ ತತ್ತ್ವಗಳನ್ನೇ ವಸ್ತುವಾಗಿ ಆರಿಸಿಕೊಂಡರು; ಮುಂದೆ ಶಿಕ್ಷಣಮಂತ್ರಿಗಳೂ ಪೀಕಿಂಗ್ ವಿಶ್ವವಿದ್ಯಾನಿಲಯದ ಅಧ್ಯಕ್ಷರೂ ಆದರು.

ಈ ವರ್ಗದ ಪ್ರಬಂಧಗಳ ಗುಣವನ್ನು ಒಪ್ಪಿಕೊಳ್ಳುತ್ತಲೇ ಅವುಗಳ ದೌರ್ಬಲ್ಯವನ್ನೂ ಹೇಳಬೇಕು. ನ್ಯೂಯಾರ್ಕಿನ ಗ್ರಂಥಭಂಡಾರದಲ್ಲಿ ಕುಳಿತು ಬರೆಯುವವನಿಗೆ ದೊರೆಯುವ ಸಾಮಗ್ರಿ ಯಾವುದು? ಕಾಯಿದೆಗಳು, ಸರ್ಕಾರದ ವರದಿಗಳು, ಅಂಚೆಯಲ್ಲಿ ತರಿಸಿಕೊಂಡ ಅಂಕಿಅಂಶಗಳು. ಶಾಲೆಯ ಬಾಗಿಲೊಳಗೆ ಉಪಾಧ್ಯಾಯನು ಏನು ಮಾಡುತ್ತಾನೆ, ಮಗು ಏಕೆ ಮೂರನೆಯ ತರಗತಿಯಲ್ಲಿ ಶಾಲೆ ಬಿಡುತ್ತದೆ ಎಂಬುದು ಈ ಕಾಗದಗಳಲ್ಲಿ ಇರುವುದಿಲ್ಲ. ಆಡಳಿತಚರಿತ್ರೆಯ ಕಡೆಗಿನ ಆ ಕಾಲದ ಒಲವು ಬರಿಯ ಅಭಿರುಚಿಯ ಫಲವಲ್ಲ; ಸಾವಿರಾರು ಮೈಲಿಗಳ ದೂರದ ಫಲವೂ ಹೌದು.

ಇದೇ ಗುಂಪಿನಲ್ಲಿ ಪದವಿ ಪಡೆಯದೆ ಮರಳಿದವರೊಬ್ಬರಿದ್ದರು. ತಾವ್ ಶಿಂಗ್‌ಚಿ ಅವರು 1915ರಿಂದ 1917ರವರೆಗೆ ಟೀಚರ್ಸ್ ಕಾಲೇಜಿನಲ್ಲಿದ್ದು, ಡಾಕ್ಟರೇಟನ್ನು ಪೂರೈಸದೆಯೇ ಚೀನಕ್ಕೆ ಬಂದರು. 1927ರಲ್ಲಿ ನಾನ್‌ಕಿಂಗಿನ ಹೊರವಲಯದ ಶಿಯಾವ್‌ಚುವಾಂಗ್ ಎಂಬಲ್ಲಿ ಗ್ರಾಮೋಪಾಧ್ಯಾಯರ ಶಾಲೆಯನ್ನು ತೆರೆದರು. ಶಿಕ್ಷಣವೇ ಜೀವನ, ಶಾಲೆಯೇ ಸಮಾಜ ಎಂದು ಡ್ಯೂಯಿ ಅವರಿಂದ ಕಲಿತಿದ್ದ ತತ್ತ್ವವನ್ನು, ಶಾಲೆಯೇ ಇಲ್ಲದ ಹಳ್ಳಿಗಳ ನಡುವೆ ನಿಂತು ಅವರು ತಲೆಕೆಳಗು ಮಾಡಿದರು: ಜೀವನವೇ ಶಿಕ್ಷಣ, ಸಮಾಜವೇ ಶಾಲೆ. ತಮ್ಮ ಹೆಸರನ್ನೂ ಹಾಗೆಯೇ ತಿರುವಿಹಾಕಿದರು. ಮೊದಲಿನ ಹೆಸರಿಗೆ ‘ಅರಿವು, ಆಮೇಲೆ ಆಚರಣೆ’ ಎಂಬ ಅರ್ಥ; ಬದಲಾಯಿಸಿದ ಹೆಸರಿಗೆ ‘ಆಚರಣೆ, ಆಮೇಲೆ ಅರಿವು’ ಎಂಬ ಅರ್ಥ. 1938ರಲ್ಲಿ ಭಾರತಕ್ಕೆ ಬಂದಾಗ ಅವರು ಗಾಂಧೀಜಿಯವರನ್ನು ಕಂಡರು. ವಾರ್ಧಾ ಶಿಕ್ಷಣಯೋಜನೆ ಆಗತಾನೆ ಆರಂಭವಾಗಿತ್ತು. ಬರೆಯದೆ ಉಳಿದ ಮಹಾಪ್ರಬಂಧವೊಂದು ಬರೆದ ಎಷ್ಟೋ ಪ್ರಬಂಧಗಳಿಗಿಂತ ಫಲಕಾರಿಯಾಯಿತೆಂದು ಹೇಳಿದರೆ ತಪ್ಪಾಗಲಾರದು.

4. ರಾಷ್ಟ್ರ ಮತ್ತು ಗ್ರಾಮ: ಎರಡು ಮಹಾಯುದ್ಧಗಳ ನಡುವೆ

1923ರಲ್ಲಿ ಟೀಚರ್ಸ್ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಶಾಖೆಯೊಂದು ಸ್ಥಾಪನೆಯಾಯಿತು. ರಾಕ್‌ಫೆಲರ್ ಹಣದಿಂದ ನಡೆಯುತ್ತಿದ್ದ ಅಂತರರಾಷ್ಟ್ರೀಯ ಶಿಕ್ಷಣ ಮಂಡಲಿಯು ಅದಕ್ಕೆ ಹತ್ತು ವರ್ಷಗಳ ಅವಧಿಗೆ ಹತ್ತು ಲಕ್ಷ ಡಾಲರುಗಳನ್ನು ಕೊಟ್ಟಿತು. ಪಾಲ್ ಮನ್ರೊ ಅವರು ಅದರ ನಿರ್ದೇಶಕರು. ಕ್ಯಾಂಡಲ್ ಅವರು ಅದರ ಶಿಕ್ಷಣ ವಾರ್ಷಿಕಗಳ ಸಂಪಾದಕರು. 1938ರಲ್ಲಿ ಮುಚ್ಚುವವರೆಗೆ ಈ ಶಾಖೆ ವಿದೇಶೀ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದುದಲ್ಲದೆ, ಅವರ ಪ್ರಬಂಧಗಳಲ್ಲಿ ಹಲವನ್ನು ಅಚ್ಚುಹಾಕಿಸಿತು. ಬ್ರಿಟಿಷ್ ವಿಶ್ವವಿದ್ಯಾನಿಲಯಗಳಲ್ಲಿ ಪಿಎಚ್.ಡಿ. ಪದವಿ ಬಳಕೆಗೆ ಬಂದುದೇ 1917ರಿಂದೀಚೆಗೆ ಎಂಬುದನ್ನು ನೆನೆದರೆ, ಇಂಥ ವ್ಯವಸ್ಥೆಯ ಸೆಳೆತ ಅರ್ಥವಾಗುತ್ತದೆ.

ಈ ಕಾಲದ ಪ್ರಬಂಧಗಳಲ್ಲಿ ಪ್ರಶ್ನೆ ಹೆಚ್ಚು ಹರಿತವಾಯಿತು. ವ್ಯವಸ್ಥೆ ಹೇಗಿದೆ ಎನ್ನುವುದರ ಜೊತೆಗೆ, ಅದು ಯಾರಿಗಾಗಿ ಇದೆ ಎಂಬ ವಿಚಾರ ಬಂದಿತು. ಆಗ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯದಿಂದ ಬಂದ ಇಬ್ಬರ ಪ್ರಬಂಧಗಳನ್ನು ಜೊತೆಯಲ್ಲಿಟ್ಟು ನೋಡಬಹುದು. ಎರಡೂ 1931ರವು. ಹೆಲೆನ್ ಕಿಮ್ ಅವರದು ಕೊರಿಯದ ಪುನರುಜ್ಜೀವನಕ್ಕಾಗಿ ಗ್ರಾಮಶಿಕ್ಷಣ ಎಂಬ ವಿಷಯ. ಡಾಕ್ಟರೇಟ್ ಪಡೆದ ಮೊದಲ ಕೊರಿಯನ್ ಮಹಿಳೆ ಅವರು. ಓ ಚೊನ್‌ಸೊಕ್ ಅವರದು ಕೊರಿಯದಲ್ಲಿ ಜಪಾನಿನ ಶಿಕ್ಷಣನೀತಿಯನ್ನು ಜನಾಂಗವನ್ನು ಕರಗಿಸಿಕೊಳ್ಳುವ ಸಾಧನವಾಗಿ ಪರೀಕ್ಷಿಸುವ ಪ್ರಬಂಧ. ಸ್ವದೇಶದಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತನ್ನು ಪರದೇಶದ ಪರೀಕ್ಷಾಮಂಡಲಿಯ ಮುಂದೆ ಪ್ರಮಾಣಸಹಿತ ಹೇಳಲು ಮಹಾಪ್ರಬಂಧ ಇಲ್ಲಿ ಅವಕಾಶಕೊಟ್ಟಿತು. ಈ ವರ್ಗದ ಬರವಣಿಗೆಯ ದೊಡ್ಡ ಪುಣ್ಯ ಇದು. ಆದರೆ ಮರಳಿದ ಮೇಲಿನ ದಾರಿ ನೇರವಾಗಿರಲಿಲ್ಲ. ಕಿಮ್ ಅವರು 1939ರಲ್ಲಿ ಇಹ್ವಾ ಮಹಿಳಾ ಕಾಲೇಜಿನ ಅಧ್ಯಕ್ಷರಾದರು. ಯುದ್ಧಕಾಲದಲ್ಲಿ ಜಪಾನಿನ ಯುದ್ಧಪ್ರಯತ್ನಕ್ಕೆ ಬೆಂಬಲ ಕೊಟ್ಟರೆಂಬ ಆಕ್ಷೇಪಣೆ ಅವರ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ಓ ಅವರು 1945ರ ಅನಂತರ ದಕ್ಷಿಣ ಕೊರಿಯದ ಹೊಸ ಶಿಕ್ಷಣವ್ಯವಸ್ಥೆಯನ್ನು ರೂಪಿಸುವ ಕೆಲಸದಲ್ಲಿ ಪಾಲುಗೊಂಡು, 1960ರಲ್ಲಿ ಶಿಕ್ಷಣಮಂತ್ರಿಗಳಾದರು.

ಪರ್ಷಿಯದ ಈಸಾ ಸಾದಿಖ್ ಅವರು ಆಧುನಿಕ ಪರ್ಷಿಯ ಮತ್ತು ಅದರ ಶಿಕ್ಷಣವ್ಯವಸ್ಥೆಯನ್ನು ಕುರಿತು ಬರೆದುದೂ 1931ರಲ್ಲಿಯೇ. ಸ್ವದೇಶಕ್ಕೆ ಮರಳಿದ ಮೇಲೆ ಉಪಾಧ್ಯಾಯರ ಉನ್ನತ ಕಾಲೇಜನ್ನು ನಡೆಸಿ, 1934ರಲ್ಲಿ ಸ್ಥಾಪನೆಯಾದ ಟೆಹರಾನ್ ವಿಶ್ವವಿದ್ಯಾನಿಲಯದ ಕಾರ್ಯದಲ್ಲಿ ಭಾಗವಹಿಸಿದರು. ಇರಾಕಿನ ಮಹಮ್ಮದ್ ಫಾಜಿಲ್ ಜಮಾಲಿ ಅವರ 1934ರ ಗ್ರಂಥ ಇನ್ನೂ ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತಿಕೊಂಡಿತು: ಒಂದೆಡೆ ನೆಲಸದ, ಹಿಂಡಿನ ಹಿಂದೆ ಅಲೆಯುವ ಬೆದವೀನರ ಮಕ್ಕಳಿಗೆ ಯಾವ ಬಗೆಯ ಶಿಕ್ಷಣ ತಕ್ಕುದು? ಪಟ್ಟಣದ ಶಾಲೆಯನ್ನೇ ಮರುಭೂಮಿಗೆ ಸಾಗಿಸಿದರೆ ಸಾಕೇ? ಇದನ್ನು ಕೇಳಿದವರು ಮುಂದೆ 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಇರಾಕಿನ ಪರವಾಗಿ ಸಹಿಹಾಕಿದರು, 1953–54ರಲ್ಲಿ ಪ್ರಧಾನಮಂತ್ರಿಗಳಾದರು, 1958ರ ಕ್ರಾಂತಿಯ ಅನಂತರ ಮರಣದಂಡನೆಗೆ ಗುರಿಯಾಗಿ, ಬಿಡುಗಡೆ ಹೊಂದಿ, ಟ್ಯುನೀಸಿಯದಲ್ಲಿ ಅಧ್ಯಾಪಕರಾಗಿ ಬಾಳಿದರು.

5. ‘ಹೊಂದಿಕೆಯ ಶಿಕ್ಷಣ’ದ ಎರಡು ಮುಖಗಳು

ಜಮಾಲಿಯವರ ಪ್ರಶ್ನೆಯ ಬೆನ್ನಿನಲ್ಲಿಯೇ ಆ ಕಾಲದ ದೊಡ್ಡ ವಾದವೊಂದು ಅಡಗಿದೆ. ಶಾಲೆ ಜನಜೀವನಕ್ಕೆ ಹೊಂದಿಕೊಳ್ಳಬೇಕು. ಹಳ್ಳಿಯ ಮಗುವಿಗೆ ಹಳ್ಳಿಯ ವಿದ್ಯೆ, ಕೃಷಿಕನ ಮಗುವಿಗೆ ಕೃಷಿಯ ವಿದ್ಯೆ. ಕೇಳಲು ಇದು ನ್ಯಾಯವಾಗಿದೆ. ಆದರೆ ಹೊಂದಿಸುವವರು ಯಾರು ಎಂಬುದರ ಮೇಲೆ ಇದರ ಅರ್ಥವೇ ಬದಲಾಗುತ್ತದೆ.

ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಶಾಲಾ ಇನ್‌ಸ್ಪೆಕ್ಟರಾಗಿದ್ದ ಬಿಳಿಯರಾದ ಚಾರ್ಲ್ಸ್ ಲೋರಮ್ ಅವರು ಟೀಚರ್ಸ್ ಕಾಲೇಜಿನಲ್ಲಿ ಓದಿ, ದಕ್ಷಿಣ ಆಫ್ರಿಕದ ಮೂಲನಿವಾಸಿಗಳ ಶಿಕ್ಷಣವನ್ನು ಕುರಿತ ತಮ್ಮ ಪ್ರಬಂಧವನ್ನು 1917ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಆ ಕಾಲದ ಬಿಳಿಯ ಆಡಳಿತಗಾರರಲ್ಲಿ ಅವರು ಉದಾರಿಗಳೆಂದು ಹೆಸರಾದವರು. ಕರಿಯರಿಗೆ ಶಿಕ್ಷಣವೇ ಬೇಡವೆಂಬವರನ್ನು ಅವರು ಒಪ್ಪಲಿಲ್ಲ. ಆದರೂ ಆಫ್ರಿಕನರಿಗೆ ಬಿಳಿಯರದಕ್ಕಿಂತ ಭಿನ್ನವಾದ, ಅವರಿಗೆ ‘ತಕ್ಕ’ ಕೈಗೆಲಸದ ಶಿಕ್ಷಣ ಬೇಕೆಂಬುದು ಅವರ ನಿಲುವು. ಆ ತಕ್ಕತನವನ್ನು ನಿರ್ಣಯಿಸುವ ಅಧಿಕಾರ ಆಫ್ರಿಕನರ ಕೈಯಲ್ಲಿರಲಿಲ್ಲ. 1953ರ ಬಾಂಟು ಶಿಕ್ಷಣ ಕಾಯಿದೆ ಹುಟ್ಟಿದ್ದು ಬೇರೆ ರಾಜಕೀಯದಿಂದ. ಲೋರಮ್ ಅವರು 1940ರಲ್ಲಿಯೇ ತೀರಿಕೊಂಡಿದ್ದರು. ಆದರೆ ಪ್ರತ್ಯೇಕ ಜನರಿಗೆ ಪ್ರತ್ಯೇಕ ವಿದ್ಯೆ ಎಂಬ ವಾದ ಕೆಟ್ಟ ಕೈಗೆ ಸಿಕ್ಕಿದರೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಆ ಕಾಯಿದೆ ಲೋಕಕ್ಕೆ ತೋರಿಸಿತು.

ಲೋರಮ್ ಅವರ ಜೊತೆಯಲ್ಲಿಯೇ 1920–21ರಲ್ಲಿ ಆಫ್ರಿಕದ ಶಿಕ್ಷಣಸ್ಥಿತಿಯನ್ನು ಪರಿಶೀಲಿಸಿದ ಫೆಲ್ಪ್ಸ್-ಸ್ಟೋಕ್ಸ್ ಆಯೋಗದ ಕಾರ್ಯದಲ್ಲಿದ್ದವರು ಗೋಲ್ಡ್ ಕೋಸ್ಟಿನ, ಎಂದರೆ ಈಗಿನ ಘಾನಾದ, ಜೇಮ್ಸ್ ಆಗ್ರಿ. ಅವರೂ ಕೊಲಂಬಿಯದ ವಿದ್ಯಾರ್ಥಿಯೇ. ಅಚಿಮೊಟ ಕಾಲೇಜಿನ ಉಪಪ್ರಾಚಾರ್ಯರಾಗಿ ಕೆಲಸಮಾಡಿ, ಡಾಕ್ಟರೇಟ್ ಪ್ರಬಂಧವನ್ನು ಮುಗಿಸುವ ಸಲುವಾಗಿ ಮರಳಿ ನ್ಯೂಯಾರ್ಕಿಗೆ ಬಂದಿದ್ದಾಗ 1927ರಲ್ಲಿ ಅವರು ತೀರಿಕೊಂಡರು. ಒಂದೇ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳಲ್ಲಿ, ಆಫ್ರಿಕನರನ್ನು ಕುರಿತು ಬಿಳಿಯರು ಬರೆದ ಪ್ರಬಂಧ ಪ್ರಮಾಣಗ್ರಂಥವಾಯಿತು. ಆಫ್ರಿಕನರೇ ಬರೆಯುತ್ತಿದ್ದುದು ಪೂರ್ಣವಾಗಲಿಲ್ಲ. ಸೂಚಿಗಳಲ್ಲಿ ಮುಗಿದ ಪ್ರಬಂಧಗಳು ಮಾತ್ರ ದಾಖಲಾಗುತ್ತವೆ ಎಂಬುದನ್ನು ಸಂಶೋಧಕರು ಮರೆಯಬಾರದು.

ಇರಾಕಿನಲ್ಲಿ ಇದೇ ವಾದ ಬಹಿರಂಗವಾದ ಜಗಳವಾಯಿತು. 1932ರಲ್ಲಿ ಪಾಲ್ ಮನ್ರೊ ಅವರ ನೇತೃತ್ವದ ಸಮಿತಿಯೊಂದು ಇರಾಕಿನ ಶಾಲೆಗಳನ್ನು ಪರಿಶೀಲಿಸಿ, ಸ್ಥಳೀಯ ಜೀವನಕ್ಕೆ ಹೊಂದುವ ಶಿಕ್ಷಣವನ್ನು ಶಿಫಾರಸುಮಾಡಿತು. ಅರಬ್ ರಾಷ್ಟ್ರೀಯತೆಯ ಪ್ರತಿಪಾದಕರಾದ ಸಾತಿ ಅಲ್ ಹುಸ್ರಿ ಅವರು ಆ ವರದಿಯನ್ನು ಕಟುವಾಗಿ ಖಂಡಿಸಿ ಬರೆದರು. ನಾಡನ್ನು ಒಂದುಗೂಡಿಸಲು ಎಲ್ಲರಿಗೂ ಸಮಾನವಾದ ಶಾಲೆಯೇ ಬೇಕೆಂಬುದು ಅವರ ಪಕ್ಷ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು. ಗ್ರಾಮೀಣ ಮಗುವಿನ ಜೀವನವನ್ನು ಕಡೆಗಣಿಸಿದ ಶಾಲೆ ಅದಕ್ಕೆ ಪರಕೀಯ. ಅದರ ಜೀವನದೊಳಗೇ ಅದನ್ನು ಕಟ್ಟಿಹಾಕುವ ಶಾಲೆ ಅದಕ್ಕೆ ಸೆರೆಮನೆ. ಈ ಎರಡರ ನಡುವಿನ ಹಾದಿಯನ್ನು ಹುಡುಕುವುದೇ ಆ ಕಾಲದ ಉತ್ತಮ ಪ್ರಬಂಧಗಳ ಶ್ರಮವಾಗಿತ್ತು. ಭಾರತದಲ್ಲಿಯೂ ಇದರ ಅಲೆ ಬಂದಿತು. ಜಿ. ಎಸ್. ಕೃಷ್ಣಯ್ಯನವರು 1932ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದ ಗ್ರಂಥ, ಗ್ರಾಮಸಮಾಜ ಮತ್ತು ಶಾಲೆಯನ್ನು ವಸ್ತುವಾಗಿಟ್ಟುಕೊಂಡು, ಅಮೆರಿಕದಲ್ಲಿನ ಕರಿಯರ ಶಾಲೆಗಳಿಂದಲೂ ಇತರ ಶಾಲೆಗಳಿಂದಲೂ ಭಾರತ ಪಡೆಯಬಹುದಾದ ಸಂದೇಶವನ್ನು ಹುಡುಕಿತು.

6. ಅಳತೆಗೋಲು: ಧಾರವಾಡದ ಒಂದು ನಿದರ್ಶನ

ಚರಿತ್ರೆ ಮತ್ತು ಗ್ರಾಮಗಳ ಜೊತೆಯಲ್ಲಿಯೇ ಮೂರನೆಯ ಒಲವೊಂದು ಬಲವಾಗುತ್ತಿತ್ತು. ಟೀಚರ್ಸ್ ಕಾಲೇಜಿನ ಎಡ್ವರ್ಡ್ ತಾರ್ನ್‌ಡೈಕ್ ಅವರು 1904ರಲ್ಲಿ ಮಾನಸಿಕ ಮಾಪನದ ತತ್ತ್ವಗಳನ್ನು ಕುರಿತ ಗ್ರಂಥವನ್ನು ಬರೆದರು. 1916ರಲ್ಲಿ ಟರ್ಮನ್ ಅವರು ಫ್ರಾನ್ಸಿನ ಬಿನೆ ಅವರ ಬುದ್ಧಿಮಾಪನವನ್ನು ಸ್ಟಾನ್‌ಫರ್ಡಿನಲ್ಲಿ ಪರಿಷ್ಕರಿಸಿದರು. ಅಂಕಿಅಂಶವಿಲ್ಲದ ಪ್ರಬಂಧ ಶಾಸ್ತ್ರೀಯವಲ್ಲವೆಂಬ ಭಾವನೆ ಕ್ರಮೇಣ ಬೇರೂರಿತು. ಭಾರತಕ್ಕೆ ಇದು ಎರಡು ದಾರಿಗಳಿಂದ ಬಂದಿತು. ಲಾಹೋರಿನಲ್ಲಿ ಕೆಲಸಮಾಡುತ್ತಿದ್ದ ಹರ್ಬರ್ಟ್ ರೈಸ್ ಅವರು ಹಿಂದೂಸ್ತಾನಿಗೆ ಅಳವಡಿಸಿದ ಬಿನೆ ಮಾಪನ 1929ರಲ್ಲಿ ಪ್ರಿನ್ಸ್‌ಟನ್ನಿನಿಂದ ಪ್ರಕಟವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1924ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು.

ಕನ್ನಡಿಗರಿಗೆ ಹೆಚ್ಚು ಹತ್ತಿರದ ನಿದರ್ಶನ ವಿ. ವಿ. ಕಾಮತ್ ಅವರದು. ಧಾರವಾಡದಲ್ಲಿ ಅವರು ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸಿ, ಆ ಕೆಲಸವನ್ನು 1934ರಲ್ಲಿ ಬ್ರಿಟಿಷ್ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ನಿರೂಪಿಸಿದರು. 1940ರಲ್ಲಿ ಅದು ಗ್ರಂಥವಾಯಿತು. ವಿದೇಶದ ಅಳತೆಗೋಲನ್ನು ಸ್ವದೇಶದ ಮಗುವಿನ ಮುಂದೆ ಹಿಡಿದಾಗ ಏನಾಗುತ್ತದೆಂಬುದನ್ನು ಇಂಥ ಕೆಲಸವೇ ಸ್ಪಷ್ಟಪಡಿಸುತ್ತದೆ. ಸ್ಟಾನ್‌ಫರ್ಡ್ ಮಾಪನದಲ್ಲಿ ಅಮೆರಿಕದ ನಾಣ್ಯಗಳನ್ನು ಹೆಸರಿಸುವ ಪ್ರಶ್ನೆಯುಂಟು. ಅದನ್ನು ಆಣೆ ಪೈಗಳಿಗೆ ತಿರುಗಿಸುವುದು ಸುಲಭ. ಆದರೆ ಕದಡಿದ ಪದಗಳನ್ನು ಜೋಡಿಸಿ ವಾಕ್ಯ ಮಾಡುವ ಪ್ರಶ್ನೆಯನ್ನು ನೋಡಿ. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬಿಗಿಯಾದುದು. ವಿಭಕ್ತಿಪ್ರತ್ಯಯಗಳಿರುವ ಕನ್ನಡದಲ್ಲಿ ‘ಹುಡುಗನು ಹಣ್ಣನ್ನು ತಿಂದನು’ ಎಂದರೂ ಸರಿ, ‘ಹಣ್ಣನ್ನು ಹುಡುಗನು ತಿಂದನು’ ಎಂದರೂ ಸರಿ. ಪ್ರಾಸಪದಗಳನ್ನು ಹೇಳೆಂಬ ಪ್ರಶ್ನೆಯೂ ಹಾಗೆಯೇ. ಇಂಗ್ಲಿಷಿನ ಪ್ರಾಸ ಪದದ ಕೊನೆಯಲ್ಲಿ. ಕನ್ನಡ ಕಾವ್ಯದ ಆದಿಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ. ಮನೆಯಲ್ಲಿ ಭಾರತ ವಾಚನವನ್ನು ಕೇಳಿ ಬೆಳೆದ ಮಗು ತನ್ನ ಕಿವಿಗೆ ಒಗ್ಗಿದ ಪ್ರಾಸವನ್ನು ಹೇಳಿದರೆ ಅದನ್ನು ದಡ್ಡತನವೆಂದು ಗುರುತುಹಾಕಬೇಕೇ? ಭಾಷಾಂತರ ಮಾಡಿದರೆ ಅಳತೆಗೋಲು ನಮ್ಮದಾಗುವುದಿಲ್ಲ. ಪ್ರತಿಯೊಂದು ಪ್ರಶ್ನೆಯನ್ನೂ ನಮ್ಮ ಮಕ್ಕಳ ನಡುವೆ ಪರೀಕ್ಷಿಸಿ, ಅದರ ಕಷ್ಟ ಯಾವ ವಯಸ್ಸಿಗೆ ತಕ್ಕದೆಂದು ಮತ್ತೆ ಗೊತ್ತುಮಾಡಬೇಕು. ಗ್ರಂಥಭಂಡಾರದಲ್ಲಿ ಕುಳಿತು ಮಾಡಲಾಗದ ಕೆಲಸ ಇದು. ಊರಿನ ಶಾಲೆಯಲ್ಲಿ, ಮಗುವಿನ ಎದುರು ಕುಳಿತೇ ಮಾಡಬೇಕು.

7. ಯೋಜನೆಯ ಯುಗ ಮತ್ತು ಅನಂತರ

ಎರಡನೆಯ ಮಹಾಯುದ್ಧದ ತರುವಾಯ ಪ್ರವಾಹ ಹಿರಿದಾಯಿತು. ಅಮೆರಿಕದ ಫುಲ್‌ಬ್ರೈಟ್ ಕಾಯಿದೆ 1946ರಲ್ಲಿ ಬಂದಿತು. ಅದರ ಪ್ರಕಾರ ಭಾರತದೊಡನೆ ಒಪ್ಪಂದವಾದುದು 1950ರಲ್ಲಿ. ಸ್ವತಂತ್ರವಾದ ದೇಶಗಳ ಸರ್ಕಾರಗಳಿಗೆ ಶಾಲೆಗಳನ್ನು ಬೇಗ ಹೆಚ್ಚಿಸಬೇಕಾಗಿತ್ತು. ಆದುದರಿಂದ ಮಹಾಪ್ರಬಂಧಗಳ ವಸ್ತುಗಳಲ್ಲಿ ಉಪಾಧ್ಯಾಯರ ತರಬೇತಿ, ಪಠ್ಯಕ್ರಮ, ಮೇಲ್ವಿಚಾರಣೆ, ಹಣಕಾಸು ಮುಂದಕ್ಕೆ ಬಂದುವು. 1960ರಲ್ಲಿ ಥಿಯೊಡೋರ್ ಷುಲ್ಟ್ಸ್ ಅವರು ಶಿಕ್ಷಣವನ್ನು ಮಾನವ ಬಂಡವಾಳವೆಂದು ನಿರೂಪಿಸಿದ ಮೇಲೆ, 1963ರಲ್ಲಿ ಯುನೆಸ್ಕೋ ಪ್ಯಾರಿಸಿನಲ್ಲಿ ಶಿಕ್ಷಣಯೋಜನೆಯ ಸಂಸ್ಥೆಯನ್ನು ತೆರೆದ ಮೇಲೆ, ‘ಯೋಜನೆ’ ಎಂಬ ಪದ ಶೀರ್ಷಿಕೆಗಳಲ್ಲಿ ಸಾಮಾನ್ಯವಾಯಿತು. ಅದೇ 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. ದೇಶದ ಇಂಥ ನಾಲ್ಕು ಕಾಲೇಜುಗಳಿಗೆ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಸಹಕಾರವಿತ್ತು. ವಿಷಯಜ್ಞಾನ ಮತ್ತು ಅಧ್ಯಾಪನಗಳನ್ನು ಒಂದುಗೂಡಿಸಿದ ನಾಲ್ಕು ವರ್ಷಗಳ ಶಿಕ್ಷಣಕ್ರಮ ಅವುಗಳ ವೈಶಿಷ್ಟ್ಯ.

ಇತ್ತ ಭಾರತದಲ್ಲಿಯೇ ಸಂಶೋಧನೆ ಬೆಳೆಯುತ್ತಿತ್ತು. ಬೊಂಬಾಯಿ ವಿಶ್ವವಿದ್ಯಾನಿಲಯವು 1936ರಲ್ಲಿ ಶಿಕ್ಷಣದಲ್ಲಿ ಮಾಸ್ಟರ್ ಪದವಿಯನ್ನು ತೆರೆದು, 1943ರಲ್ಲಿ ಡಾಕ್ಟರ್ ಪದವಿಯನ್ನು ಕೊಟ್ಟಿತು. 1974ರಲ್ಲಿ ಬರೋಡದಿಂದ ಎಂ. ಬಿ. ಬುಚ್ ಅವರ ಸಂಪಾದಕತ್ವದಲ್ಲಿ ಭಾರತೀಯ ಶಿಕ್ಷಣ ಸಂಶೋಧನೆಯ ಮೊದಲ ಸಮೀಕ್ಷೆ ಹೊರಬಂದಿತು. ಅದೇ ವರ್ಷ ಅಮೆರಿಕದಲ್ಲಿ ಮಾರ್ಟಿನ್ ಕಾರ್ನಾಯ್ ಅವರು ಶಿಕ್ಷಣವನ್ನು ಸಾಂಸ್ಕೃತಿಕ ಸಾಮ್ರಾಜ್ಯಶಾಹಿಯಾಗಿ ವಿಮರ್ಶಿಸಿದ ಗ್ರಂಥವನ್ನು ಪ್ರಕಟಿಸಿದರು. ಎರವಲು ತಂದ ಅಳತೆಗೋಲನ್ನು ಪ್ರಶ್ನಿಸುವ ಧೈರ್ಯ ಆ ಬಳಿಕ ವಿದೇಶೀ ವಿದ್ಯಾರ್ಥಿಗಳಲ್ಲಿಯೂ ಹೆಚ್ಚಿತು.

8. ಉಪಸಂಹಾರ

ಒಟ್ಟಿನಲ್ಲಿ ವ್ಯವಸ್ಥೆಯ ವರ್ಣನೆ, ರಾಷ್ಟ್ರ ಮತ್ತು ಗ್ರಾಮದ ವಿಚಾರ, ಮಾಪನ, ಯೋಜನೆ, ಕಡೆಗೆ ವಿಮರ್ಶೆ ಎಂಬ ಐದು ಹಂತಗಳನ್ನು ನಾವು ಕಂಡೆವು. ಒಂದು ಮುಗಿದು ಮತ್ತೊಂದು ಬಂದಿತೆಂದು ಇದರ ಅರ್ಥವಲ್ಲ. ಹಳೆಯ ಒಲವು ಹೊಸದರ ಪಕ್ಕದಲ್ಲಿ ಬಹುಕಾಲ ಬಾಳುತ್ತದೆ. ಆದರೆ ಎಲ್ಲ ಹಂತಗಳಲ್ಲಿಯೂ ಒಂದು ಮಾತು ಸ್ಥಿರವಾಗಿ ಕಾಣುತ್ತದೆ. ವಿಷಯ ಸ್ವದೇಶದ್ದಾದ ಮಾತ್ರಕ್ಕೆ ಸಂಶೋಧನೆ ಸ್ವದೇಶೀಯವಾಗುವುದಿಲ್ಲ. ಬೆದವೀನರ ಮಕ್ಕಳನ್ನು ಕುರಿತು ಜಮಾಲಿ ಕೇಳಿದ ಪ್ರಶ್ನೆ, ಡ್ಯೂಯಿ ಅವರ ಸೂತ್ರವನ್ನು ತಾವ್ ತಿರುವಿದ ಬಗೆ, ಧಾರವಾಡದ ಮಾಪನಕಾರ್ಯ, ಇವೆಲ್ಲ ಕಲಿತುಬಂದ ಸಾಧನವನ್ನು ಊರಿನ ಅನುಭವದ ಒರೆಗಲ್ಲಿಗೆ ಹಚ್ಚಿದುವು. ಲೋರಮ್ ಅವರ ನಿದರ್ಶನವು, ಸ್ಥಳೀಯತೆಯ ಹೆಸರೂ ಮೋಸಹೋಗಿಸಬಹುದೆಂದು ಎಚ್ಚರಿಸುತ್ತದೆ. ಯಾರ ಶಿಕ್ಷಣವನ್ನು ನಿರ್ಣಯಿಸುತ್ತೇವೆಯೋ ಅವರ ದನಿ ಪ್ರಬಂಧದಲ್ಲಿ ಕೇಳಿಸದಿದ್ದರೆ ಸಾಮಗ್ರಿ ಎಷ್ಟಿದ್ದರೂ ಅದು ಊನವೇ.

ನಮ್ಮ ವಿದ್ಯಾರ್ಥಿಗಳಿಗೆ ಇದರಿಂದ ಒದಗುವ ಕೆಲಸ ಸ್ಪಷ್ಟವಾಗಿದೆ. ಕರ್ಣಾಟಕದ ಶಾಲೆಗಳನ್ನು ಕುರಿತು ಹೊರದೇಶಗಳಲ್ಲಿ ಬರೆಯಲ್ಪಟ್ಟ ಮಹಾಪ್ರಬಂಧಗಳನ್ನು ಸೂಚಿಗಳಿಂದ ಹುಡುಕಿ ತೆಗೆದು, ಒಂದೊಂದರ ಸಾರಾಂಶವನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕು. ಸಾಧ್ಯವಾದೆಡೆ ಆ ಪ್ರಬಂಧಗಳು ಹೆಸರಿಸುವ ಊರುಗಳಿಗೆ ಹೋಗಿ, ಅಲ್ಲಿನ ಉಪಾಧ್ಯಾಯರಿಗೆ ಅದನ್ನು ಓದಿಹೇಳಿ, ಅವರೇನೆನ್ನುತ್ತಾರೆಂಬುದನ್ನು ಬರೆದುಕೊಳ್ಳಬೇಕು. ಪರದೇಶದಲ್ಲಿ ಪರೀಕ್ಷಕರು ಒಪ್ಪಿದ ಗ್ರಂಥಕ್ಕೆ ಸ್ವಂತ ಊರಿನಲ್ಲಿ ನಡೆಯಬೇಕಾದ ಪರೀಕ್ಷೆ ಇದು. ಒಂದು ತಾಲ್ಲೂಕಿನ ಮಟ್ಟಿಗಾದರೂ ಈ ಕೆಲಸವನ್ನು ಯಾರಾದರೂ ಕೈಕೊಂಡರೆ ನಮ್ಮ ಈ ಸಮೀಕ್ಷೆ ಸಾರ್ಥಕವಾಯಿತೆಂದು ಭಾವಿಸುತ್ತೇವೆ.